ಕರಿ ಗಾಡಿಯ ಪೊರೆ

ದಾಕ್ಷಾಯಿಣಿ ಹೇಳಿದ ಸುಳ್ಳು ಬಹಳ ದೊಡ್ಡದೇನಲ್ಲ, ಒಂದೇ ಮಾತಿನದು. ಎರಡು ವರ್ಷದಿಂದ ಅದು ಒಲೆಯ ಮಗ್ಗುಲಿನ ಬೆಕ್ಕಿನ ಹಾಗೆ ಸದ್ದಿಲ್ಲದೆ ಮಲಗಿತ್ತು. ಆ ಗುರುವಾರ ಗುಲಾಬಸಾಬರ ಮಗಳು ಹುಸ್ನಾ ಧಾರವಾಡದಿಂದ ಫೋನು ಮಾಡಿದಳು. ಅಪ್ಪನ ಬಲಗಣ್ಣಿನ ಪೊರೆ ತೆಗೆದರು, ಪಟ್ಟಿ ಬಿಚ್ಚಿದರು, ಗೋಡೆಯ ಕ್ಯಾಲೆಂಡರಿನ ಸಣ್ಣ ಅಕ್ಷರವನ್ನೂ ಓದುತ್ತಿದ್ದಾರೆ, ಎಡಗಣ್ಣಿನದು ಮುಂದಿನ ತಿಂಗಳು, ನಾಳೆ ಬಿಟ್ಟು ಮುಂದಿನ ಶುಕ್ರವಾರ ಉಣಕಲ್ಲಿಗೆ ಕರೆತರುತ್ತೇನೆ ಎಂದಳು. ಆಗ ಆ ಬೆಕ್ಕು ಎದ್ದು ಮೈಮುರಿಯಿತು.

ಸುಳ್ಳು ಇದ್ದದ್ದು ಸಾಬರ ಕರಿ ಅಂಬಾಸಿಡರ್ ಗಾಡಿಯ ಬಗ್ಗೆ. ಗಾಡಿ ಬಿಸಿಲಿಗೆ ನಿಂತು ನಿಂತು ಬೂದಿ ಬಳಿದಂತಾಗಿತ್ತು. ಎರಡು ವರ್ಷದ ಹಿಂದೆ ಒಂದು ಮುಂಜಾನೆ ಸಾಬರು ಕಣ್ಣು ಕಿರಿದು ಮಾಡಿ, ಗಾಡಿ ಯಾಕೋ ಮಸಕು ಮಸಕು ಕಾಣುತ್ತಿದೆಯಲ್ಲ ಎಂದಿದ್ದರು. ದಾಕ್ಷಾಯಿಣಿ ಹಿಟ್ಟು ನಾದುತ್ತ, ತಲೆ ಎತ್ತದೆ, "ಗಾಡಿ ಕರ್ರಗ ಇದ್ದಂಗ ಐತ್ರಿ ಕಾಕಾ. ನಿಮ್ಮ ಕಣ್ಣಿಗೇ ಪೊರಿ ಬಂದಿರಬೇಕು," ಎಂದುಬಿಟ್ಟಿದ್ದಳು. ದವಾಖಾನೆಯಲ್ಲಿ ತೋರಿಸಿದರೆ ಪೊರೆ ಬಂದದ್ದೂ ಖರೆಯೇ ಆಯಿತು. ಎಲ್ಲ ಸುಳ್ಳುಗಳಿಗೂ ಇಂಥ ಅದೃಷ್ಟ ಒದಗುವುದಿಲ್ಲ. ಆದರೆ ಈಗ ಕಣ್ಣಿನ ಪೊರೆ ಹೋಗಿತ್ತು, ಗಾಡಿ ಬೂದಿಯಾಗಿಯೇ ಇತ್ತು, ನಡುವೆ ಉಳಿದದ್ದು ಎಂಟು ದಿನ.

ಇಲ್ಲಿ ಗುಲಾಬಸಾಬರು ದಾಕ್ಷಾಯಿಣಿಗೆ ಏನಾಗಬೇಕು ಎಂದು ಯಾರಾದರೂ ಕೇಳಬಹುದು. ಸಂಬಂಧದಲ್ಲಿ ಏನೂ ಆಗಬೇಕಿಲ್ಲ. ಗೋಡೆಗೆ ಗೋಡೆ ಹತ್ತಿದ ಮನೆ, ಅಷ್ಟೇ. ಹನ್ನೆರಡು ವರ್ಷದ ಹಿಂದೆ ಗಂಡ ತೀರಿಕೊಂಡ ಮೇಲೆ ಅವಳು ಜೋಳದ ಖಡಕ್ ರೊಟ್ಟಿ ಮಾಡಿ ಮಾರುವುದೆಂದು ಹೊರಟಳು. ರೊಟ್ಟಿ ಏನೋ ಹಪ್ಪಳದಂತೆ ಬರುತ್ತಿತ್ತು, ಆದರೆ ಹುಬ್ಬಳ್ಳಿಯ ಖಾನಾವಳಿ ಮುಟ್ಟುವಷ್ಟರಲ್ಲಿ ಬಸ್ಸಿನ ನೂಕುನುಗ್ಗಲಿಗೆ ಅರ್ಧಕ್ಕರ್ಧ ಚೂರಾಗುತ್ತಿತ್ತು. ಮೂರನೆಯ ದಿನ ಬುಟ್ಟಿ ಹೊತ್ತು ರಸ್ತೆಯಲ್ಲಿ ನಿಂತಾಗ ಸಾಬರು ಗಾಡಿ ನಿಲ್ಲಿಸಿದರು. ಆಗ ಅವರದು ಬಾಡಿಗೆ ಗಾಡಿ, ದಿನಾ ಮುಂಜಾನೆ ರೈಲ್ವೆ ಸ್ಟೇಶನ್ನಿಗೆ ಹೋಗಿ ನಿಲ್ಲುವವರು. ಹೇಗೂ ಖಾಲಿ ಹೊರಟಿದ್ದೇನೆ, ಇಡು ಎಂದರು. ಆ 'ಹೇಗೂ ಖಾಲಿ' ಎರಡು ವರ್ಷ ನಡೆಯಿತು. ಬಾಡಿಗೆಯ ಮಾತು ಎತ್ತಿದರೆ ಕಿವಿ ಕೇಳದವರಂತೆ ಮಾಡುತ್ತಿದ್ದರು. ಎರಡು ಬಿಸಿ ರೊಟ್ಟಿ, ಅದರ ಮೇಲೊಂದಿಷ್ಟು ಶೇಂಗಾ ಚಟ್ನಿ ಕೊಟ್ಟರೆ ಮಾತ್ರ ಬೇಡ ಎನ್ನುತ್ತಿರಲಿಲ್ಲ.

ಆ ಮೊದಲ ದಿನ ಖಾನಾವಳಿಯ ಮುಂದೆ ಇಳಿದು ಅವಳು ಒಳಗೆ ಹೋಗಲಾರದೆ ನಿಂತಿದ್ದಳು. ವ್ಯಾಪಾರದ ಮಾತು ಆಡಿ ಗೊತ್ತಿಲ್ಲದ ಬಾಯಿ. ಸಾಬರು ಕಿಟಕಿಯಿಂದ ತಲೆ ಹೊರಹಾಕಿ, "ಕೆನ್ನಿ ಮ್ಯಾಲ ಹಿಟ್ಟ ಐತಿ, ವರಸ್ಕೊ," ಎಂದು ಬಾನೆಟ್ಟಿನ ಕಡೆ ಕೈ ತೋರಿಸಿದರು. ಉಣಕಲ್ಲಿನ ಅರ್ಧ ಮದುಮಕ್ಕಳು ಕೂತು ಬಂದ ಗಾಡಿ ಅದು. ಅದರ ಕಪ್ಪಿನಲ್ಲಿ ನೋಡಿಕೊಂಡು ಗಂಡಿನ ಕಡೆಯವರು ರುಮಾಲು ಸರಿಮಾಡಿಕೊಳ್ಳುತ್ತಿದ್ದರು, ಹೆಣ್ಣಿನ ಕಡೆಯವರು ಬೈತಲೆ ನೋಡಿಕೊಳ್ಳುತ್ತಿದ್ದರು. ದಾಕ್ಷಾಯಿಣಿ ಬಗ್ಗಿ ತನ್ನ ಮುಖ ನೋಡಿಕೊಂಡಳು, ಹಿಟ್ಟು ಒರೆಸಿಕೊಂಡಳು, ಮುಖ ಅಷ್ಟೇನೂ ಅಂಜಿದಂತೆ ಕಾಣದ್ದರಿಂದ ಒಳಗೆ ಹೋದಳು. ಅಂದು ಹಿಡಿದ ಖಾನಾವಳಿ ಇಂದಿಗೂ ಅವಳದೇ ರೊಟ್ಟಿ ಬಡಿಸುತ್ತದೆ.

ಇಷ್ಟೇ ಆಗಿದ್ದರೆ ಋಣ ಹೇಗೋ ತೀರುತ್ತಿತ್ತೋ ಏನೋ. ಐದು ವರ್ಷದ ಹಿಂದೆ ಅವಳ ಒಲೆಗಳಿದ್ದ ಜಾಗವನ್ನು ಮಾಲೀಕ ಮಾರಿಬಿಟ್ಟ. ಆರು ಒಲೆ, ಎಂಟು ಹೆಂಗಸರು, ಕೂರಲು ನೆರಳಿಲ್ಲ. ಮರುದಿನ ಬೆಳಗಾಗುವಷ್ಟರಲ್ಲಿ ಸಾಬರು ಮನೆಯ ಪಕ್ಕದ ತಗಡಿನ ಶೆಡ್ಡಿನಿಂದ ಗಾಡಿಯನ್ನು ಹೊರಗೆ ಹಾಕಿ, ಶೆಡ್ಡು ಗುಡಿಸಿ, ಕೀಲಿಕೈ ತಂದು ಅವಳ ಪರಾತದಲ್ಲಿ ಹಿಟ್ಟಿನ ಮೇಲೆ ಇಟ್ಟಿದ್ದರು. ಇಪ್ಪತ್ತು ವರ್ಷ ನೆರಳಲ್ಲಿ ಸಾಕಿದ ಗಾಡಿ ಅಂದಿನಿಂದ ಬಯಲಿಗೆ ಬಿತ್ತು. ಮೊದಲ ಬೇಸಿಗೆಗೆ ಟಾಪು ಮಂಕಾಯಿತು, ಎರಡನೆಯದಕ್ಕೆ ಬಾನೆಟ್ಟು, ಮೂರನೆಯದಕ್ಕೆ ಎಲ್ಲವೂ.

ದಾಕ್ಷಾಯಿಣಿ ದಿನಾ ನೋಡುತ್ತಿದ್ದಳು. ತನ್ನ ರೊಟ್ಟಿಗೆ ಸಿಕ್ಕ ನೆರಳು ಆ ಗಾಡಿಯ ಮೈಯಿಂದ ಕಿತ್ತದ್ದು ಎಂದು ಅವಳಿಗೆ ಯಾರೂ ಹೇಳಬೇಕಿರಲಿಲ್ಲ. ಹಾಗಾದರೆ ಅಂದು ಖರೆ ಹೇಳಬಹುದಿತ್ತಲ್ಲ? ಹೇಳಲಿಲ್ಲ. ಗಾಡಿ ಹಾಳಾಯಿತೆಂದು ಗೊತ್ತಾದರೆ ಸಾಬರು ಶೆಡ್ಡು ಬಿಡು ಎಂದಾರು ಎಂಬ ಅಂಜಿಕೆ. ಹಾಗೆನ್ನುವ ಮನುಷ್ಯನಲ್ಲ ಎಂದು ಗೊತ್ತಿದ್ದೂ ಅಂಜಿದ್ದಳು, ಅದೇ ಅವಳನ್ನು ಹೆಚ್ಚು ಚುಚ್ಚುತ್ತಿದ್ದದ್ದು.

ಸಾಬರಾದರೋ ಕಣ್ಣು ಮಂಜಾಗಿ ಗಾಡಿ ಓಡಿಸುವುದನ್ನು ಬಿಟ್ಟ ಮೇಲೂ ದಿನಾ ಮುಂಜಾನೆ ಅದರ ಹತ್ತಿರ ಹೋಗಿ, ಎತ್ತಿನ ಬೆನ್ನು ಸವರಿದಂತೆ ಬಾನೆಟ್ಟು ಸವರುತ್ತಿದ್ದರು. ಆಮೇಲೆ ಶೆಡ್ಡಿನ ನಳಕ್ಕೆ ಬಂದು ಕೈ ತೊಳೆಯುವರು. ಅಂಗೈ ಕರ್ರಗಿರುತ್ತಿತ್ತು. ನಳದ ಪಕ್ಕದ ಸುಣ್ಣದ ಗೋಡೆಗೆ ಅವರ ಕೈಯ ಕರಿ ಗುರುತು ಕಾಯಂ ಬಿದ್ದಿತ್ತು. ರೊಟ್ಟಿ ಬಡಿಯುವವರಲ್ಲಿ ಹಿರಿಯಳಾದ ಶಿವಬಸವ್ವ, ಗಾಡಿ ಓಡುವುದು ನಿಂತು ಎರಡು ವರ್ಷವಾದರೂ ನಿಮಗೆ ಗ್ರೀಸು ಎಲ್ಲಿ ಸಿಗುತ್ತದೆ ಎಂದು ಚಾಷ್ಟಿ ಮಾಡುತ್ತಿದ್ದಳು. ಹಳೆಯ ಡ್ರೈವರನ ಕೈ, ಹಾಗೇ ಇರುತ್ತದೆ ಎಂದು ಸಾಬರು ನಗುತ್ತಿದ್ದರು.

ಹುಸ್ನಾಳ ಫೋನು ಬಂದ ದಿನವೇ ದಾಕ್ಷಾಯಿಣಿ ಶಿವಬಸವ್ವನ ಮುಂದೆ ಎಲ್ಲ ಹೇಳಿಕೊಂಡಳು. ಶಿವಬಸವ್ವ ಮುಗದ ಹಳ್ಳಿಯ ಒಕ್ಕಲುತನದ ಮನೆಯವಳು. ಅವಳ ಹತ್ತಿರ ಇಲ್ಲದ ಔಷಧವಿಲ್ಲ. ಕಾರಹುಣ್ಣಿಮೆಗೆ ತವರಿನಲ್ಲಿ ಎತ್ತಿನ ಕೋಡಿಗೆ ಕುಸುಬಿ ಎಣ್ಣೆ ತಿಕ್ಕಿದರೆ ಮುಖ ಕಾಣುವಂತೆ ಹೊಳೆಯುತ್ತಿದ್ದವು, ಗಾಡಿ ಏನು ಕೋಡಿಗಿಂತ ಬೇರೆಯೇ ಎಂದಳು. ಮಾತು ಸರಿ ಕಂಡಿತು. ಮರುದಿನ ಶುಕ್ರವಾರ ರೊಟ್ಟಿ ಕೆಲಸ ಮುಗಿದ ಮೇಲೆ ಇಬ್ಬರೂ ಎರಡು ಸೇರು ಎಣ್ಣೆಯನ್ನು ಗಾಡಿಗೆ ಉಣಿಸಿದರು. ಗಾಡಿ ಹೊಳೆದದ್ದೇ ಹೊಳೆದದ್ದು. ಓಣಿಯವರೆಲ್ಲ ಬಂದು ನೋಡಿ ಹೋದರು, ದಾಕ್ಷಾಯಿಣಿ ಆ ರಾತ್ರಿ ನಿಶ್ಚಿಂತೆಯಿಂದ ಮಲಗಿದಳು.

ಮುಂಜಾನೆ ಎದ್ದು ನೋಡಿದರೆ ಅಂಗಳದಲ್ಲಿ ಬಿಳಿ ಗಾಡಿ ನಿಂತಿತ್ತು. ಹುಬ್ಬಳ್ಳಿಯ ರಸ್ತೆಯ ಧೂಳು, ಶೆಡ್ಡಿನಲ್ಲಿ ಜರಡಿ ಹಿಡಿದ ಜೋಳದ ಹಿಟ್ಟು, ಒಲೆಯ ಬೂದಿ, ಎಲ್ಲ ಎಣ್ಣೆಗೆ ಅಂಟಿ, ಹಂಚಿಗೆ ಹಾಕಲು ತಯಾರಾದ ರೊಟ್ಟಿಯಂತಾಗಿತ್ತು. ಒರೆಸಿದರೆ ಹಿಟ್ಟು ನಾದಿದಂತೆ ಉಂಡೆ ಉಂಡೆಯಾಗಿ ಬಂತು. ಶಿವಬಸವ್ವ ಒಂದು ಗಳಿಗೆ ನೋಡಿ, ತವರಿನ ಎತ್ತು ಹಿಟ್ಟಿನ ಶೆಡ್ಡಿನ ಬಾಜೂಕ ನಿಂತಿರಲಿಲ್ಲ ಎಂದು ಒಪ್ಪಿಕೊಂಡಳು.

ಗೋಕುಲ ರಸ್ತೆಯ ಗ್ಯಾರೇಜೊಂದರಲ್ಲಿ ಗಾಡಿಗಳಿಗೆ ಬಣ್ಣ ಹೊಡೆಯುವ ಶಾಹಿದ, ಗುಲಾಬಸಾಬರಿಗೆ ಪರಿಚಯದವನು. ಐವತ್ತರ ಹತ್ತಿರದ ಮನುಷ್ಯ, ಮಾತು ಕಡಿಮೆ. ಶನಿವಾರ ಮಧ್ಯಾಹ್ನ ಕರೆಸಿದಾಗ ಅವನು ಗಾಡಿಯ ಸುತ್ತ ಒಂದು ಸುತ್ತು ಹಾಕಿ, ಒಗ್ಗರಣೆ ಹಾಕುವುದೊಂದು ಬಾಕಿ ಉಳಿದಿದೆ ನೋಡಿ ಎಂದ. ಆಮೇಲೆ ಬಾಗಿಲಿನ ಮೇಲೆ ಅಂಗೈಯಗಲ ಜಾಗವನ್ನು ಸೋಪಿನ ನೀರಿನಿಂದ ತೊಳೆದು, ಡಬ್ಬಿಯಿಂದ ಬೆಣ್ಣೆಯಂಥ ಮುಲಾಮು ತೆಗೆದು ಬಟ್ಟೆಗೆ ಹಚ್ಚಿ, ಸಣ್ಣ ಸಣ್ಣ ಸುತ್ತು ಹಾಕಿ ತಿಕ್ಕಿದ. ಅದಕ್ಕೆ ಕಾಂಪೌಂಡ್ ಎನ್ನುತ್ತಾರಂತೆ. ಮುಟ್ಟಿದರೆ ಒಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಮರಳು. ಒರೆಸಿದಾಗ ಆ ಅಂಗೈಯಗಲ ಜಾಗದಲ್ಲಿ ದಾಕ್ಷಾಯಿಣಿಗೆ ತನ್ನ ಮೂಗುತಿ ಕಂಡಿತು.

"ಗಾಡಿಗೂ ಪೊರಿ ಬಂದೈತ್ರಿ ಅಕ್ಕಾರ," ಎಂದ ಶಾಹಿದ. "ಬಣ್ಣ ಸತ್ತಿಲ್ಲ. ಸತ್ತದ್ದು ಮ್ಯಾಲಿನ ಪೊರಿ. ಅದನ್ನ ತಗದ್ರ ಒಳಗ ಕರೀದು ಇನ್ನೂ ಜೀವಂತ ಐತಿ."

ದಾಕ್ಷಾಯಿಣಿಗೆ ಆ ಮಾತು ಎದೆಯಲ್ಲಿ ನೆಟ್ಟಿತು. ನೀನೇ ಮಾಡಿಕೊಡು ಎಂದಳು. ಅವನಿಗೆ ಶುಕ್ರವಾರದೊಳಗೆ ಬಿಡುವಿರಲಿಲ್ಲ. ಅವಳೂ ಒಂದು ಗಳಿಗೆ ಯೋಚಿಸಿ, ಬೇಡ, ನಾನೇ ತಿಕ್ಕುತ್ತೇನೆ, ತೋರಿಸಿಕೊಡು ಎಂದಳು. ಇದು ದುಡ್ಡು ಕೊಟ್ಟು ಮಾಡಿಸುವ ಕೆಲಸವಲ್ಲ ಎಂದು ಆಗ ಅವಳಿಗೆ ಹೊಳೆದಿತ್ತು. ಶಾಹಿದ ಡಬ್ಬಿಗಳನ್ನು ಅಲ್ಲೇ ಬಿಟ್ಟ, ಮೂರು ಮಾತು ಹೇಳಿಹೋದ. ಬಿಸಿಲಿನಲ್ಲಿ ತಿಕ್ಕಬಾರದು. ಕೈಯಲ್ಲಿ ಬಳೆ ಉಂಗುರ ಇರಬಾರದು, ಗೀರು ಬೀಳುತ್ತವೆ. ಏಣಿನ ಮೇಲೆ, ಎಂದರೆ ತಗಡು ಮಡಚಿ ಎದ್ದ ಅಂಚಿನ ಮೇಲೆ, ಬಣ್ಣ ತೆಳ್ಳಗಿರುತ್ತದೆ. ಅಲ್ಲಿ ಕೈ ನಿಲ್ಲಿಸಬಾರದು.

ಭಾನುವಾರ ಅವಳು ಎಣ್ಣೆಯನ್ನು ಎರಡು ಸಲ ಸೋಪಿನ ನೀರಿನಲ್ಲಿ ಕಳೆದು, ಗಾಡಿಯ ಮೇಲೆ ತಾಡಪತ್ರೆ ಕಟ್ಟಿ ನೆರಳು ಮಾಡಿ, ಹಳೆಯ ಧೋತರ ಹರಿದುಕೊಂಡು ಕೂತಳು. ಮೊದಲ ತಿಕ್ಕಿಗೇ ಬಟ್ಟೆಯೆಲ್ಲ ಕರ್ರಗಾಯಿತು. ಇದ್ದ ಬಣ್ಣವನ್ನೂ ಕಿತ್ತೆನೆಂದು ಬಟ್ಟೆ ಕೆಳಗಿಟ್ಟಳು. ಶಾಹಿದನಿಗೆ ಫೋನು ಹಚ್ಚಿದರೆ ಅವನು ಆಚೆಯಿಂದ ಆಕಳಿಸಿ, ಅದು ಸತ್ತ ಬಣ್ಣ, ಬರಲಿ ಬಿಡ್ರಿ ಎಂದ. ಬಂತು. ಧೋತರದ ಆರು ತುಂಡು ಕರ್ರಗಾದವು, ಅವಳ ಅಂಗೈ ಉಗುರುಸಂದಿ ಸಮೇತ ಕರ್ರಗಾಯಿತು. ನಳದ ಹತ್ತಿರ ಹೋಗಿ ಗೋಡೆಗೆ ಕೈ ಊರಿದಾಗ ಸಾಬರ ಕೈಗುರುತಿನ ಪಕ್ಕ ಅವಳದೂ ಬಿತ್ತು. ಎರಡೂ ಒಂದೇ ಕಪ್ಪು. ನೋಡಿದಳು, ಆದರೆ ಅವಸರದಲ್ಲಿ ಅದರ ಬಗ್ಗೆ ಯೋಚಿಸಲಿಲ್ಲ.

ಮೊದಲ ದಿನ ಅವಳು ರೊಟ್ಟಿ ಬಡಿಯುವ ಜೋರಿನಲ್ಲೇ ತಿಕ್ಕಿದಳು. ತೋಳು ನೋವು ಬಂತು, ಹೊಳಪು ಬರಲಿಲ್ಲ. ಸೋಮವಾರ ಒಂದು ಸಂಗತಿ ತಾನಾಗಿ ತಿಳಿಯಿತು. ಹಂಚಿನ ಮೇಲೆ ಹಾಕಿದ ರೊಟ್ಟಿಗೆ ಒದ್ದೆ ಅರಿವೆಯಿಂದ ನೀರು ಸವರುವುದಿದೆಯಲ್ಲ, ಒತ್ತಿದರೆ ಹರಿಯುತ್ತದೆ, ಒತ್ತದಿದ್ದರೆ ಹಿಟ್ಟು ಉಳಿಯುತ್ತದೆ, ಆ ಕೈ ಬೇಕಾಗಿತ್ತು ಇದಕ್ಕೆ. ಆ ಕೈ ಅವಳಲ್ಲಿ ಹನ್ನೆರಡು ವರ್ಷದಿಂದ ಇತ್ತು. ಒಂದು ಸಲಕ್ಕೆ ಒಂದು ಹಂಚಿನಷ್ಟು ಜಾಗ, ಅದು ಮುಗಿದ ಮೇಲೆ ಇನ್ನೊಂದು ಹಂಚು. ತಗಡು ಬಿಸಿಯಾಯಿತೇ ಎಂದು ಹಿಂಗೈಯಿಂದ ಮುಟ್ಟಿ ನೋಡುವುದು, ಬಿಸಿಯಾದರೆ ಮುಂದಕ್ಕೆ ಸರಿಯುವುದು. ಮುಂಜಾನೆ ಸಾವಿರ ರೊಟ್ಟಿ, ಇಳಿಹೊತ್ತಿಗೆ ಇಪ್ಪತ್ತು ಹಂಚು ಗಾಡಿ. ಮಂಗಳವಾರದಿಂದ ಉಳಿದ ಹೆಂಗಸರೂ ಕೂಡಿಕೊಂಡರು. ಶಿವಬಸವ್ವ ಹಸಿರು ಬಳೆಗಳನ್ನು ಮೊಣಕೈವರೆಗೆ ಏರಿಸಿ, ಮೇಲೆ ಚಿಂದಿ ಸುತ್ತಿಕೊಂಡು ಬಂದಳು. ಆ ಎಂಟೂ ಜನರ ಮನೆಯ ಒಲೆ ಉರಿಯುತ್ತಿದ್ದದ್ದು ಆ ಶೆಡ್ಡಿನಿಂದ. ಯಾರಿಗೂ ಯಾಕೆಂದು ಹೇಳಬೇಕಾಗಲಿಲ್ಲ.

ಬುಧವಾರ ಬಾನೆಟ್ಟು. ಹೊಳಪು ಬರುತ್ತಾ ಬರುತ್ತಾ ಬೇವಿನ ಮರದ ಎಲೆಗಳು ಅದರಲ್ಲಿ ಎಣಿಸುವಂತೆ ಕಾಣತೊಡಗಿದವು. ದಾಕ್ಷಾಯಿಣಿಗೆ ಹುರುಪು ಬಂತು, ಹುರುಪಿನಲ್ಲಿ ಏಣು ಮರೆಯಿತು. ಬಾನೆಟ್ಟಿನ ನಡುವಿನ ಏಣಿನ ಮೇಲೆ ಕೈ ಎರಡು ಸುತ್ತು ಹೆಚ್ಚು ತಿರುಗಿತು. ಒರೆಸಿ ನೋಡಿದರೆ ಹುಣಸೆ ಬೀಜದಷ್ಟು ಜಾಗದಲ್ಲಿ ಕಪ್ಪು ಮಾಯ, ಒಳಗಿನ ಕೆಂಪು ಅಸ್ತರದ ಬಣ್ಣ ಹೊರಗೆ. ಕರಿ ಮೈ ಮೇಲೆ ಗಾಯದಂತೆ ಎದ್ದು ಕಾಣುತ್ತಿತ್ತು.

ಅವಳು ಫೋನು ಹಿಡಿದಳು. ಶಾಹಿದನ ಫೋನು ಹತ್ತಲಿಲ್ಲ. ಆಗ ಶಿವಬಸವ್ವ ಮನೆಗೆ ಹೋಗಿ ಒಂದು ಬೆಳ್ಳಿಯ ಭರಣಿ ತಂದಳು. ಹರಳೆಣ್ಣೆಯ ದೀಪದ ಮೇಲೆ ತಂಬಿಗೆ ಬೋರಲಿಟ್ಟು ಹಿಡಿದ ಕಾಡಿಗೆ, ಮೊಮ್ಮಗಳಿಗೆಂದು ಮಾಡಿದ್ದು. ಬೆರಳ ತುದಿಯಿಂದ ತೆಗೆದು ಕೆಂಪಿನ ಮೇಲೆ ಒಂದು ಬೊಟ್ಟು ಇಟ್ಟಳು. ಎರಡು ಹೆಜ್ಜೆ ಹಿಂದೆ ಸರಿದರೆ ಗಾಯ ಕಾಣಲಿಲ್ಲ. ದಾಕ್ಷಾಯಿಣಿಗೆ ನಗು, ಅಳು ಎರಡೂ ಬಂದವು. ಹಳೆಯ ಸುಳ್ಳು ಮುಚ್ಚಲು ಹೋಗಿ ಹುಣಸೆ ಬೀಜದಷ್ಟು ಹೊಸದೊಂದು ಹುಟ್ಟಿತ್ತು.

ಶುಕ್ರವಾರ ನಮಾಜು ಮುಗಿದ ಹೊತ್ತಿಗೆ ಆಟೋ ಬಂದು ನಿಂತಿತು. ಗುಲಾಬಸಾಬರು ಕರಿ ಕನ್ನಡಕ ಹಾಕಿಕೊಂಡು, ಮಗಳ ಕೈ ಹಿಡಿದು ಇಳಿದರು. ಶೆಡ್ಡಿನಲ್ಲಿ ಬಡಿಯುತ್ತಿದ್ದ ಕೈಗಳೆಲ್ಲ ನಿಂತವು. ದಾಕ್ಷಾಯಿಣಿ ಹಿಟ್ಟಿನ ಕೈಯಲ್ಲೇ ಎದ್ದು ಬಂದು ಬಾಗಿಲಿಗೆ ನಿಂತಳು. ಸಾಬರು ಯಾರನ್ನೂ ಮಾತಾಡಿಸದೆ ನೇರ ಗಾಡಿಯ ಹತ್ತಿರ ಹೋದರು. ಕನ್ನಡಕ ತೆಗೆದರು. ಧೂಳಿದೆ, ಹಾಕಿಕೊ ಎಂದು ಹುಸ್ನಾ ಗದರಿದ್ದು ಅವರ ಕಿವಿಗೆ ಬಿದ್ದಂತಿರಲಿಲ್ಲ.

ಬಹಳ ಹೊತ್ತು ನೋಡಿದರು. ಆಮೇಲೆ ಎಂದಿನಂತೆ ಬಾನೆಟ್ಟಿನ ಮೇಲೆ ಅಂಗೈ ಇಟ್ಟು ಮೇಲಿಂದ ಕೆಳಗೆ ಸವರಿದರು, ಅಂಗೈ ತಿರುಗಿಸಿ ನೋಡಿಕೊಂಡರು. ಮತ್ತೊಮ್ಮೆ ಸವರಿದರು, ಮತ್ತೆ ನೋಡಿಕೊಂಡರು. ಮೂರನೆಯ ಸಲ ಹೆಬ್ಬೆರಳು ನಡುವಿನ ಏಣಿಗೆ ತಾಗಿತು. ಕರಿ ಹತ್ತಿತು. ಹೆಬ್ಬೆರಳನ್ನು ಮೂಗಿಗೆ ಹಿಡಿದರು.

"ಇದು ಬಣ್ಣ ಅಲ್ಲ, ಯವ್ವಾ," ಎಂದರು. "ಕಾಡಿಗಿ."

ದಾಕ್ಷಾಯಿಣಿಗೆ ಇನ್ನು ತಡೆಯಲಾಗಲಿಲ್ಲ. ಕೆಂಪು ಗಾಯದಿಂದ ಶುರು ಮಾಡಿ ಹಿಂದಕ್ಕೆ ಹಿಂದಕ್ಕೆ ಎಲ್ಲ ಹೇಳಿದಳು: ಏಣು, ಪೊರೆ, ಕುಸುಬಿ ಎಣ್ಣೆ, ಐದು ಬೇಸಿಗೆಯ ಬಿಸಿಲು, ಎರಡು ವರ್ಷದ ಹಿಂದಿನ ಆ ಮಾತು. ಕೊನೆಗೆ, "ನಿಮ್ಮ ಕಣ್ಣಿನ ಮ್ಯಾಲ ಹಾಕಿ ನಾ ಸುಳ್ಳ ಹೇಳಿದೆ ಕಾಕಾ. ಶೆಡ್ಡ ಬಿಡು ಅಂದೀರಿ ಅಂತ ಅಂಜಿದ್ದೆ," ಎಂದಳು.

ಸಾಬರು ಬಲಗೈ ಚಾಚಿ ಅವಳ ಮುಂದೆ ಹಿಡಿದರು. ಹೆಬ್ಬೆರಳೊಂದು ಬಿಟ್ಟರೆ ಕೈ ಸ್ವಚ್ಛವಾಗಿತ್ತು. ಆ ಕೈಯನ್ನು ಹಾಗೆ ಅವಳು ಬಹಳ ವರ್ಷದಿಂದ ನೋಡಿರಲಿಲ್ಲ. ನಳದ ಗೋಡೆಯ ಎರಡು ಕರಿ ಗುರುತು ಈಗ ಅವಳ ಕಣ್ಣಮುಂದೆ ಬಂದವು.

"ಐದು ವರ್ಷ ದಿನಾ ಮುಂಜಾನೆ ಈ ಕೈ ಕರ್ರಗಾಗತಿತ್ತು," ಎಂದರು ಸಾಬರು. "ಅಂಗೈ ಹುಣ್ಣಿಗೆ ಕನ್ನಡಿ ಬೇಕೇನವಾ? ಬಣ್ಣ ಹೊಂಟೈತಿ ಅಂತ ನಿನ್ನಕಿಂತ ಮೊದಲ ನನಗ ಗೊತ್ತಿತ್ತು."

ಮತ್ತೆ ಅಂದು ನನ್ನನ್ನು ಯಾಕೆ ಕೇಳಿದಿರಿ ಎಂದು ದಾಕ್ಷಾಯಿಣಿ ಸಣ್ಣ ದನಿಯಲ್ಲಿ ಕೇಳಿದಳು.

"ಗಾಡಿ ನೋಡಿದಾಗೊಮ್ಮೆ ನಿನ್ನ ಮಾರಿ ಬಾಡತಿತ್ತು. ಈ ಮುದುಕಗ ಕಾಣಂಗಿಲ್ಲ ಅಂತ ಆದರ ನಿನಗ ಹಗುರ ಆದೀತು ಅಂತ ಕೇಳಿದೆ. ನೀ ಸುಳ್ಳ ಹೇಳಿದಿ, ನಾ ನಂಬಿದಂಗ ಮಾಡಿದೆ. ಇಬ್ಬರದೂ ಬರೋಬರಿ ಆತು."

ಬರೋಬರಿ ಆಗಿರಲಿಲ್ಲ. ಅವಳು ತನ್ನನ್ನು ಕಾಯ್ದುಕೊಳ್ಳಲು ಸುಳ್ಳು ಹೇಳಿದ್ದಳು. ಅವರು ಅವಳನ್ನು ಕಾಯಲು ಕುರುಡರಂತೆ ನಟಿಸಿದ್ದರು. ದಾಕ್ಷಾಯಿಣಿಗೆ ಅದು ಸ್ಪಷ್ಟವಾಗಿ ತಿಳಿಯಿತು. ದೇವರು ಕೆಲವರಿಗೆ ಅಣ್ಣತಮ್ಮಂದಿರನ್ನು ಕೊಡುತ್ತಾನೆ, ತನಗೆ ಪಕ್ಕದ ಮನೆ ಕೊಟ್ಟಿದ್ದಾನೆ ಎಂದುಕೊಂಡಳು. ಬಾಯಲ್ಲಿ ಬಂದದ್ದು ಮಾತ್ರ ಬೇರೆ. ನಾಳೆಯೇ ಎರಡು ಒಲೆ ತೆಗೆದು ಗಾಡಿಯನ್ನು ಶೆಡ್ಡಿನೊಳಗೆ ಹಾಕೋಣ ಎಂದಳು.

ಸಾಬರಿಗೆ ಸಿಟ್ಟೇ ಬಂತು. "ಒಲಿ ಒಳಗ ಇರಲಿ, ಗಾಡಿ ಹೊರಗ ಇರಲಿ. ಪೊರಿ ಬಂದರ ಮತ್ತ ತಗೀತಿ. ಈಗ ಕೈ ಕಲತೈತೆಲ್ಲ?"

ಶೆಡ್ಡಿನ ಬಾಗಿಲಿಂದ ಶಿವಬಸವ್ವ, ಹಾಗಾದರೆ ವರ್ಷಕ್ಕೊಮ್ಮೆ ಕಾರಹುಣ್ಣಿಮೆಗೆ ಇಟ್ಟುಕೊಳ್ಳೋಣ, ಎಣ್ಣೆ ಮಾತ್ರ ಬೇಡ ಎಂದಳು. ಎಲ್ಲರೂ ನಕ್ಕರು. ಕಾಡಿಗೆಯ ಬೊಟ್ಟನ್ನು ಅಳಿಸಿ ಅಲ್ಲಿಗೆ ಬಣ್ಣ ಹಚ್ಚಿಸೋಣ ಎಂದು ಹುಸ್ನಾ ಹೇಳಿದರೆ ಸಾಬರು ಒಪ್ಪಲಿಲ್ಲ. ಇಷ್ಟು ಹೊಳೆಯುವ ಗಾಡಿಗೆ ದೃಷ್ಟಿಬೊಟ್ಟು ಇರಲಿ ಎಂದರು. ದಾಕ್ಷಾಯಿಣಿ ಎರಡು ಬಿಸಿ ರೊಟ್ಟಿ, ಮೇಲೆ ಶೇಂಗಾ ಚಟ್ನಿ ಇಟ್ಟುಕೊಂಡು ಬಂದಳು. ಅವರು ಗಾಡಿಯ ಬಾಗಿಲು ತೆಗೆದು ತಮ್ಮ ಹಳೆಯ ಸೀಟಿನಲ್ಲಿ ಕೂತು ತಿಂದರು. ತಿಂದು ಮುಗಿಸಿ ಗಾಜಿನಾಚೆ ಬಾನೆಟ್ಟಿನ ಕಡೆ ನೋಡಿದರು. ಅಲ್ಲಿ ಬೇವಿನ ಮರವಿತ್ತು, ಆಕಾಶವಿತ್ತು, ಕೈಯಲ್ಲಿ ನೀರಿನ ತಂಬಿಗೆ ಹಿಡಿದು ನಿಂತ ದಾಕ್ಷಾಯಿಣಿ ಇದ್ದಳು.

ಸಾಬರು ಕಿಟಕಿಯಿಂದ ತಲೆ ಹೊರಹಾಕಿದರು.

"ಕೆನ್ನಿ ಮ್ಯಾಲ ಹಿಟ್ಟ ಐತಿ," ಎಂದರು. "ವರಸ್ಕೊ."

ದಾಕ್ಷಾಯಿಣಿ ಬಾನೆಟ್ಟಿಗೆ ಬಗ್ಗಿ ನೋಡಿಕೊಂಡು ಒರೆಸಿಕೊಂಡಳು. ಹಿಟ್ಟು ಎರಡೂ ಕೆನ್ನೆಗೆ ಇತ್ತು. ಸಾಬರು ಒಂದನ್ನೇ ಹೇಳಿದ್ದರು. ಇನ್ನೊಂದು ಕಣ್ಣಿನ ಪೊರೆ ಇನ್ನೂ ಬಾಕಿ ಇತ್ತಲ್ಲ.